ತೂಕದ ಮದ್ದಿನ ನೂರ ಮೂವತ್ತು ವರ್ಷ

ಬೊಜ್ಜು ಕರಗಿಸಲು ಸೆಮಾಗ್ಲುಟೈಡ್ ಇಂಜೆಕ್ಷನ್ ಒಳ್ಳೆಯದೋ ಟಿರ್ಜೆಪಟೈಡ್ ಒಳ್ಳೆಯದೋ ಎಂದು ಕೇಳುವವರಿಗೆ ಒಂದು ನೇರ ಉತ್ತರ ಈಗ ಸಿಗುತ್ತದೆ. ಸಕ್ಕರೆ ಕಾಯಿಲೆ ಇಲ್ಲದ 751 ಮಂದಿ ಸ್ಥೂಲಕಾಯದವರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಇದನ್ನೂ ಇನ್ನೊಂದಕ್ಕೆ ಅದನ್ನೂ 72 ವಾರ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 2025ರಲ್ಲಿ ಪ್ರಕಟವಾಯಿತು. ಟಿರ್ಜೆಪಟೈಡ್ ಪಡೆದವರ ತೂಕ ಸರಾಸರಿ ಶೇ 20.2ರಷ್ಟು ಇಳಿದಿತ್ತು, ಸೆಮಾಗ್ಲುಟೈಡ್ ಪಡೆದವರದು ಶೇ 13.7ರಷ್ಟು. ಹೆಚ್ಚು ಇಳಿಸುವುದೇ ಹೆಚ್ಚು ಒಳ್ಳೆಯದು ಎನ್ನುವುದಾದರೆ ಮಾತು ಇಲ್ಲಿಗೇ ಮುಗಿಯಬೇಕು. ಆದರೆ ತೂಕ ಇಳಿಸುವ ಔಷಧಗಳ ಚರಿತ್ರೆಯನ್ನು ಮೊದಲಿನಿಂದ ಓದಿಕೊಂಡು ಬಂದವರಿಗೆ ಈ ಅಂಕಿಯ ಮೇಲೆ ಪೂರ್ತಿ ಭರವಸೆ ಹುಟ್ಟುವುದಿಲ್ಲ. ಸುಮಾರು ನೂರ ಮೂವತ್ತು ವರ್ಷಗಳಲ್ಲಿ ಬಂದುಹೋದ ಇಂಥ ಮದ್ದುಗಳಲ್ಲಿ ಬಹುತೇಕ ಎಲ್ಲವೂ ತೂಕವನ್ನು ನಿಜವಾಗಿಯೇ ಇಳಿಸಿದ್ದವು. ಅವು ಸೋತದ್ದು ತೂಕದ ವಿಷಯದಲ್ಲಲ್ಲ. ಈಗಿನ ಇಂಜೆಕ್ಷನ್‌ಗಳು ಹಿಂದಿನವುಗಳಿಗಿಂತ ಮೇಲು ಎಂದು ನಾನು ನಂಬುವುದೂ ಅವು ಹೆಚ್ಚು ಕಿಲೋ ಕರಗಿಸುತ್ತವೆ ಎಂಬ ಕಾರಣಕ್ಕಲ್ಲ. ಅವುಗಳ ನಡುವೆ ಆರಿಸಿಕೊಳ್ಳುವಾಗಲೂ ಕಿಲೋ ಲೆಕ್ಕ ಮೊದಲನೆಯದಾಗಿ ಬರಬಾರದು ಎಂಬುದು ನನ್ನ ವಾದ.

ಕಥೆ ಶುರುವಾಗುವುದೂ ಒಂದು ಇಂಜೆಕ್ಷನ್‌ನಿಂದಲೇ. 1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಜಾರ್ಜ್ ಮರ್ರೆ ಎಂಬ ಯುವ ವೈದ್ಯ ಕುರಿಯ ಥೈರಾಯ್ಡ್ ಗ್ರಂಥಿಯಿಂದ ತೆಗೆದ ರಸವನ್ನು ಮಿಕ್ಸಿಡೀಮಾ ರೋಗದ ಮಹಿಳೆಯೊಬ್ಬರಿಗೆ ಚುಚ್ಚಿದ. ಥೈರಾಯ್ಡ್ ಕೆಲಸ ನಿಲ್ಲಿಸಿ, ಮುಖ ಊದಿ, ಮಾತು ತೊದಲಿ, ಮೈ ತಣ್ಣಗಾಗಿದ್ದ ಆಕೆ ಚೇತರಿಸಿಕೊಂಡು ಮುಂದೆ ಹಲವು ವರ್ಷ ಬದುಕಿದರು. ಆಧುನಿಕ ಹಾರ್ಮೋನ್ ಚಿಕಿತ್ಸೆಗೆ ಅದು ಅಡಿಗಲ್ಲು. ಊತ ಇಳಿದು ತೂಕವೂ ಕಡಿಮೆಯಾದದ್ದನ್ನು ಕಂಡ ಬೇರೆ ವೈದ್ಯರು, ಕೆಲವೇ ವರ್ಷಗಳಲ್ಲಿ ಥೈರಾಯ್ಡ್ ಸರಿಯಾಗಿಯೇ ಇದ್ದ ದಪ್ಪ ಜನರಿಗೂ ಅದೇ ರಸವನ್ನು ಕೊಡತೊಡಗಿದರು. ತೂಕ ಇಳಿಯಿತು. ಜೊತೆಗೆ ಎದೆ ಢವಗುಟ್ಟಿತು, ಕೈ ನಡುಗಿತು, ಕೊಬ್ಬಿನೊಂದಿಗೆ ಮಾಂಸಖಂಡವೂ ಕರಗಿತು. ಒಂದು ರೋಗಕ್ಕೆ ಸರಿಯಾದ ಮದ್ದು, ತೂಕ ಎಂಬ ಒಂದೇ ಲಕ್ಷಣದ ಬೆನ್ನು ಹತ್ತಿ ಹೋದಾಗ ಏನಾಗುತ್ತದೆ ಎಂಬುದರ ಮೊದಲ ದಾಖಲೆ ಇದು.

ಎರಡನೆಯ ದಾಖಲೆ ಇನ್ನೂ ಕಠೋರವಾದದ್ದು. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಮದ್ದುಗುಂಡಿನ ಕಾರ್ಖಾನೆಗಳಲ್ಲಿ ಡೈನೈಟ್ರೋಫಿನಾಲ್ ಎಂಬ ಹಳದಿ ರಾಸಾಯನಿಕದೊಡನೆ ಕೆಲಸ ಮಾಡುತ್ತಿದ್ದ ಕಾರ್ಮಿಕರು ವಿಪರೀತ ಬೆವರಿ, ಸೊರಗಿ, ಕೆಲವರು ಜ್ವರದ ತಾಪದಲ್ಲಿ ಸತ್ತೂ ಹೋಗಿದ್ದರು. 1933ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿಂಡ್ಸರ್ ಕಟಿಂಗ್ ಮತ್ತು ಮಾರಿಸ್ ಟೇಂಟರ್ ಅದೇ ವಸ್ತುವನ್ನು ಬೊಜ್ಜಿಗೆ ಮದ್ದಾಗಿ ವರದಿ ಮಾಡಿದರು. ಜೀವಕೋಶ ಆಹಾರವನ್ನು ಸುಟ್ಟು ಪಡೆಯುವ ಶಕ್ತಿ ಕೆಲಸಕ್ಕೆ ಬಾರದೆ ಬರಿಯ ಶಾಖವಾಗಿ ಹೋಗುವಂತೆ ಮಾಡುವುದು ಇದರ ಗುಣ. ಊಟ ಬಿಡಬೇಕಾಗಿಲ್ಲ, ಓಡಾಡಬೇಕಾಗಿಲ್ಲ, ಕೂತಲ್ಲೇ ಕೊಬ್ಬು ಉರಿಯುತ್ತದೆ. ಮರುವರ್ಷದ ಹೊತ್ತಿಗೆ ಅಮೆರಿಕದಲ್ಲಿ ಒಂದು ಲಕ್ಷ ಜನ ಇದನ್ನು ನುಂಗಿರಬಹುದೆಂಬ ಅಂದಾಜಿತ್ತು. 1935ರ ಸುಮಾರಿಗೆ ಇದನ್ನು ತೆಗೆದುಕೊಂಡಿದ್ದ ಯುವತಿಯರ ಕಣ್ಣಿಗೆ, ಮುಪ್ಪಿನಲ್ಲಿ ಬರಬೇಕಾದ ಪೊರೆ ಬರತೊಡಗಿತು. ಮೈಕಾವು ಏರಿ ಸತ್ತವರ ವರದಿಗಳೂ ಬಂದವು. ಅಮೆರಿಕದ ಔಷಧ ನಿಯಂತ್ರಕರಿಗೆ ಆಗ ಇದನ್ನು ತಡೆಯುವ ಕಾನೂನಿನ ಬಲವೇ ಇರಲಿಲ್ಲ. 1938ರಲ್ಲಿ ಹೊಸ ಆಹಾರ ಮತ್ತು ಔಷಧ ಕಾಯ್ದೆ ಬಂದ ಮೇಲಷ್ಟೇ ಅದು ಅಂಗಡಿಗಳಿಂದ ಹೋಯಿತು. ಕಿಲೋ ಲೆಕ್ಕದಲ್ಲಿ ನೋಡಿದರೆ ಡೈನೈಟ್ರೋಫಿನಾಲ್ ಸೋತ ಔಷಧವೇ ಅಲ್ಲ. ಅಳತೆಗೋಲು ಎಷ್ಟು ಕುರುಡಾಗಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆಮೇಲಿನ ಅರ್ಧ ಶತಮಾನವನ್ನು ಬೇಗ ದಾಟಬಹುದು, ಏಕೆಂದರೆ ಅದೇ ಕಥೆ ಬೇರೆ ಬೇರೆ ಹೆಸರಿನಲ್ಲಿ ಮರಳುತ್ತದೆ. ಹಸಿವು ಅಡಗಿಸುವ ಆಂಫೆಟಮಿನ್ ಬಂತು, ಚಟ ಹಿಡಿಸಿತು. 1965ರಲ್ಲಿ ಸ್ವಿಟ್ಜರ್ಲೆಂಡ್, ಜರ್ಮನಿ, ಆಸ್ಟ್ರಿಯಾಗಳಲ್ಲಿ ಅಮಿನೋರೆಕ್ಸ್ ಬಂತು, ಶ್ವಾಸಕೋಶದ ರಕ್ತನಾಳಗಳ ಒತ್ತಡ ಏರಿಸಿ ಜನರನ್ನು ಕೊಂದಿತು. 1992ರಲ್ಲಿ ನ್ಯೂಯಾರ್ಕಿನ ರಾಚೆಸ್ಟರ್‌ನಿಂದ 121 ಮಂದಿಯ ಮೇಲಿನ ಅಧ್ಯಯನವೊಂದು ಪ್ರಕಟವಾಗಿ, ಫೆನ್‌ಫ್ಲೂರಮಿನ್ ಮತ್ತು ಫೆಂಟರ್ಮಿನ್ ಎಂಬ ಎರಡು ಮಾತ್ರೆಗಳ ಜೋಡಿ 'ಫೆನ್-ಫೆನ್' ಎಂಬ ಹೆಸರಿನಲ್ಲಿ ಅಮೆರಿಕವನ್ನು ಆವರಿಸಿತು. 121 ಜನರಲ್ಲಿ ನೋಡಿದ್ದನ್ನು ನಂಬಿ ಲಕ್ಷಾಂತರ ಜನರಿಗೆ ಕೊಟ್ಟರು. 1996ರಲ್ಲಿ ಈ ಔಷಧಗಳಿಗೆ ಬರೆದ ಚೀಟಿಗಳ ಸಂಖ್ಯೆ 1.8 ಕೋಟಿ. 1997ರ ಜುಲೈನಲ್ಲಿ ಮೇಯೊ ಕ್ಲಿನಿಕ್‌ನ ವೈದ್ಯರು 24 ಮಹಿಳೆಯರ ಹೃದಯದ ಕವಾಟಗಳು ದಪ್ಪವಾಗಿ ಸೋರುತ್ತಿರುವುದನ್ನು ಲೋಕದ ಮುಂದಿಟ್ಟರು. ಸೆಪ್ಟೆಂಬರ್‌ನಲ್ಲಿ ಫೆನ್‌ಫ್ಲೂರಮಿನ್ ಮಾರುಕಟ್ಟೆಯಿಂದ ಹೊರಬಿತ್ತು.

ನನ್ನ ವಾದಕ್ಕೆ ಎಲ್ಲಕ್ಕಿಂತ ಮುಖ್ಯವಾದದ್ದು ಸಿಬುಟ್ರಮಿನ್‌ನ ಪ್ರಕರಣ, ಯಾಕೆಂದರೆ ಇಲ್ಲಿ ಮೊದಲ ಸಲ ಸರಿಯಾದ ಪ್ರಶ್ನೆಯನ್ನು ಸರಿಯಾದ ಪ್ರಮಾಣದಲ್ಲಿ ಕೇಳಲಾಯಿತು. 1997ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಈ ಮಾತ್ರೆ ಭಾರತದಲ್ಲೂ ಧಾರಾಳವಾಗಿ ಮಾರಾಟವಾಗುತ್ತಿತ್ತು. ಯುರೋಪಿನ ನಿಯಂತ್ರಕರ ಒತ್ತಾಯದಿಂದ ಸುಮಾರು ಹತ್ತು ಸಾವಿರ ಮಂದಿಯ ಮೇಲೆ, ಅದರಲ್ಲೂ ಹೃದ್ರೋಗದ ಅಪಾಯ ಹೆಚ್ಚಿದ್ದವರ ಮೇಲೆ, ಹಲವು ವರ್ಷಗಳ ಪ್ರಯೋಗ ನಡೆಯಿತು. ತೂಕ ಇಳಿದರೆ ಹೃದಯಾಘಾತ ಕಡಿಮೆಯಾಗಬೇಕು ಎಂಬ ನಿರೀಕ್ಷೆ ಎಲ್ಲರಿಗೂ ಇತ್ತು. 2010ರಲ್ಲಿ ಪ್ರಕಟವಾದ ಫಲಿತಾಂಶ ಅದಕ್ಕೆ ತದ್ವಿರುದ್ಧ: ಮಾತ್ರೆ ನುಂಗಿದವರ ತೂಕ ಇಳಿದಿತ್ತು, ಆದರೆ ಹೃದಯಾಘಾತ, ಪಾರ್ಶ್ವವಾಯುಗಳ ಅಪಾಯ ಶೇ 16ರಷ್ಟು ಏರಿತ್ತು. ಅದೇ ವರ್ಷ ಅಮೆರಿಕದಲ್ಲಿ, 2011ರಲ್ಲಿ ಭಾರತದಲ್ಲಿ ಅದು ನಿಂತಿತು. ಅದಕ್ಕೂ ಮೊದಲು ರಿಮೊನಬ್ಯಾಂಟ್ ಎಂಬ ಇನ್ನೊಂದು ಮಾತ್ರೆ ಖಿನ್ನತೆ ಮತ್ತು ಆತ್ಮಹತ್ಯೆಯ ಯೋಚನೆಗಳ ಕಾರಣಕ್ಕೆ 2008ರಲ್ಲಿ ಯುರೋಪಿನಿಂದ, ಮರುವರ್ಷ ಭಾರತದಿಂದ ಹೋಗಿತ್ತು. ಔಷಧಗಳ ಮಾತಂತಿರಲಿ, ಆಹಾರ-ವ್ಯಾಯಾಮಗಳ ಕಥೆಯೂ ಸರಳವಲ್ಲ. ಸಕ್ಕರೆ ಕಾಯಿಲೆಯ 5,145 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಕಟ್ಟುನಿಟ್ಟಿನ ಪಥ್ಯ, ವ್ಯಾಯಾಮ ಕಲಿಸಿ, ಎಲ್ಲರನ್ನೂ ಹತ್ತಿರ ಹತ್ತಿರ ಹತ್ತು ವರ್ಷ ಹಿಂಬಾಲಿಸಿದ ಅಮೆರಿಕದ 'ಲುಕ್ ಅಹೆಡ್' ಪ್ರಯೋಗದಲ್ಲಿ ತೂಕ ಇಳಿಯಿತು, ರಕ್ತದ ಸಕ್ಕರೆ ಸುಧಾರಿಸಿತು, ಆದರೆ ಹೃದಯಾಘಾತಗಳು ಕಡಿಮೆಯಾಗಲಿಲ್ಲ. ವ್ಯಾಯಾಮ ಬೇಡ ಎಂದು ಇದರ ಅರ್ಥವಲ್ಲ. ತಕ್ಕಡಿಯ ಮುಳ್ಳು ಕೆಳಗಿಳಿದ ಮಾತ್ರಕ್ಕೆ ಆಯುಸ್ಸು ಮೇಲೇರಿತು ಎಂದು ಎಣಿಸುವಂತಿಲ್ಲ, ಅದನ್ನು ಬೇರೆಯಾಗಿಯೇ ಸಾಬೀತು ಮಾಡಬೇಕು ಎಂದಷ್ಟೇ ಅರ್ಥ.

ಈಗಿನ ಇಂಜೆಕ್ಷನ್‌ಗಳು ಬಂದ ದಾರಿಯೇ ಬೇರೆ. ಅವುಗಳನ್ನು ಹುಡುಕಿದವರು ತೂಕದ ಬೆನ್ನು ಹತ್ತಿದವರಲ್ಲ. ಬಾಯಿಂದ ಕೊಟ್ಟ ಗ್ಲೂಕೋಸ್ ನರಕ್ಕೆ ಕೊಟ್ಟ ಗ್ಲೂಕೋಸಿಗಿಂತ ಹೆಚ್ಚು ಇನ್ಸುಲಿನ್ ಹೊರಡಿಸುತ್ತದೆ ಎಂಬುದು 1960ರ ದಶಕದಲ್ಲಿ ಖಚಿತವಾದಾಗ, ಕರುಳಿನಿಂದ ಯಾವುದೋ ಸಂದೇಶ ಹೋಗುತ್ತಿರಬೇಕು ಎಂಬ ಊಹೆಗೆ ಬಲ ಬಂತು. 1980ರ ದಶಕದಲ್ಲಿ ಆ ಸಂದೇಶವಾಹಕಗಳಲ್ಲೊಂದಾದ ಜಿಎಲ್‌ಪಿ-1 ಹಾರ್ಮೋನನ್ನು ಬಾಸ್ಟನ್ನಿನಲ್ಲಿ ಸ್ವೆಟ್ಲಾನಾ ಮೊಯ್ಸೊವ್ ಮತ್ತು ಜೋಯಲ್ ಹ್ಯಾಬನರ್, ಕೋಪನ್‌ಹೇಗನ್ನಿನಲ್ಲಿ ಯೆನ್ಸ್ ಯೂಲ್ ಹೋಲ್ಸ್ಟ್ ಬಿಡಿಸಿ ತೋರಿಸಿದರು. ತೊಡಕು ಒಂದೇ: ರಕ್ತಕ್ಕೆ ಬಂದ ಎರಡೇ ನಿಮಿಷದಲ್ಲಿ ಅದರ ಅರ್ಧಭಾಗ ಒಡೆದುಹೋಗುತ್ತದೆ. ಈ ತೊಡಕಿಗೆ ಮೊದಲ ಉತ್ತರ ಸಿಕ್ಕಿದ್ದು ಅಮೆರಿಕದ ಮರುಭೂಮಿಯ ಗಿಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿಯಲ್ಲಿ. ವರ್ಷಕ್ಕೆ ಕೆಲವೇ ಸಲ ಉಣ್ಣುವ ಈ ಪ್ರಾಣಿಯ ವಿಷದಲ್ಲಿ ಜಿಎಲ್‌ಪಿ-1ಕ್ಕೆ ಅರ್ಧದಷ್ಟು ಹೋಲುವ, ಆದರೆ ಬೇಗ ಒಡೆಯದ ವಸ್ತುವೊಂದನ್ನು ನ್ಯೂಯಾರ್ಕಿನ ಬ್ರಾಂಕ್ಸ್‌ನ ಮಾಜಿ ಸೈನಿಕರ ಆಸ್ಪತ್ರೆಯ ಜಾನ್ ಇಂಗ್ 1992ರಲ್ಲಿ ವರದಿ ಮಾಡಿದರು. ಅದೇ 2005ರಲ್ಲಿ ಎಕ್ಸೆನಟೈಡ್ ಆಯಿತು, ದಿನಕ್ಕೆ ಎರಡು ಚುಚ್ಚು. ಡೆನ್ಮಾರ್ಕಿನ ನೋವೊ ನಾರ್ಡಿಸ್ಕ್‌ನಲ್ಲಿ ಲೊಟ್ಟೆ ಬ್ಯೆರೆ ಕ್ನುಡ್ಸೆನ್ ಅವರ ತಂಡ ಹಾರ್ಮೋನಿಗೆ ಕೊಬ್ಬಿನ ಆಮ್ಲದ ಒಂದು ಸರಪಳಿಯನ್ನು ಜೋಡಿಸಿತು. ಆ ಸರಪಳಿ ರಕ್ತದ ಆಲ್ಬುಮಿನ್ ಪ್ರೋಟೀನಿಗೆ ಅಂಟಿಕೊಂಡು ಔಷಧವನ್ನು ಒಡೆಯದಂತೆ ಕಾಯುತ್ತದೆ. ಹದಿನಾರು ಇಂಗಾಲದ ಸರಪಳಿಯ ಲಿರಾಗ್ಲುಟೈಡ್ ಅರ್ಧಕ್ಕಿಳಿಯಲು ಸುಮಾರು ಅರ್ಧ ದಿನ ಬೇಕು, ಆದ್ದರಿಂದ ದಿನಕ್ಕೊಂದು ಚುಚ್ಚು. ಹದಿನೆಂಟು ಇಂಗಾಲದ್ದೂ ಒಡೆಯುವ ಜಾಗದಲ್ಲಿ ಬೇರೆ ಅಮೈನೊ ಆಮ್ಲ ಕೂರಿಸಿದ್ದೂ ಆದ ಸೆಮಾಗ್ಲುಟೈಡ್ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು, ಆದ್ದರಿಂದ ವಾರಕ್ಕೊಂದು. ಅಮೆರಿಕದ ಇಲೈ ಲಿಲಿಯ ಟಿರ್ಜೆಪಟೈಡ್ ಇದೇ ಉಪಾಯದೊಡನೆ ಜಿಐಪಿ ಎಂಬ ಎರಡನೆಯ ಕರುಳಿನ ಹಾರ್ಮೋನಿನ ಕೆಲಸವನ್ನೂ ಸೇರಿಸಿಕೊಂಡಿತು. ಜಿಎಲ್‌ಪಿ-1 ಮೆದುಳಿನ ಮೇಲೆ ಕೆಲಸ ಮಾಡಿ ಹಸಿವನ್ನೂ ತಗ್ಗಿಸುತ್ತದೆ ಎಂಬುದು 1996ರಲ್ಲಿ ಇಲಿಗಳಲ್ಲಿ ಕಂಡಿತ್ತಾದರೂ, ಇವೆಲ್ಲ ಹುಟ್ಟಿದ್ದು ಸಕ್ಕರೆ ಕಾಯಿಲೆಯ ಮದ್ದುಗಳಾಗಿ.

ಇದು ಬರಿಯ ಜನ್ಮವೃತ್ತಾಂತವಲ್ಲ, ಅವುಗಳ ಗುಣವನ್ನು ನಿರ್ಧರಿಸಿದ ಸಂಗತಿ. 2007ರಲ್ಲಿ ರೊಸಿಗ್ಲಿಟಜೋನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ಹೃದಯಾಘಾತ ಹೆಚ್ಚಿಸುತ್ತಿರಬಹುದು ಎಂಬ ಗದ್ದಲ ಎದ್ದು, 2008ರ ಡಿಸೆಂಬರ್‌ನಲ್ಲಿ ಅಮೆರಿಕದ ನಿಯಂತ್ರಕರು ಹೊಸ ನಿಯಮ ತಂದರು. ಸಕ್ಕರೆ ಇಳಿಸಿದರೆ ಸಾಲದು, ಹೃದಯಕ್ಕೆ ಕೇಡಿಲ್ಲ ಎಂದೂ ತೋರಿಸಬೇಕು. ಹೀಗಾಗಿ ಲಿರಾಗ್ಲುಟೈಡ್ ಕಂಪನಿ 9,340 ಸಕ್ಕರೆ ರೋಗಿಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ನಡೆಸಬೇಕಾಯಿತು. 2016ರಲ್ಲಿ ಬಂದ ಫಲಿತಾಂಶದಲ್ಲಿ ಕೇಡಿಲ್ಲದ್ದು ಮಾತ್ರವಲ್ಲ, ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಒಟ್ಟಾಗಿ ಶೇ 13ರಷ್ಟು ಕಡಿಮೆಯಾಗಿದ್ದವು. ಬೊಜ್ಜಿನ ವಿಷಯದಲ್ಲಿ ಇದಕ್ಕೆ ಸಮನಾದದ್ದು 2023ರ 'ಸೆಲೆಕ್ಟ್' ಪ್ರಯೋಗ: ಸಕ್ಕರೆ ಕಾಯಿಲೆ ಇಲ್ಲದ, ಆದರೆ ಹೃದ್ರೋಗ ಮೊದಲೇ ಇದ್ದ 17,604 ಮಂದಿ. ಸೆಮಾಗ್ಲುಟೈಡ್ ಪಡೆದವರಲ್ಲಿ ಶೇ 6.5 ಮಂದಿಗೆ ಇಂಥ ಆಘಾತಗಳಾದರೆ, ಬರಿಯ ಹುಸಿಮದ್ದು ಪಡೆದವರಲ್ಲಿ ಶೇ 8 ಮಂದಿಗೆ. ಆಮೇಲಿನ ವಿಶ್ಲೇಷಣೆಯಲ್ಲಿ ಕಂಡ ಒಂದು ಅಂಶದ ಬಳಿ ನಿಲ್ಲಬೇಕು: ತೂಕ ಹೆಚ್ಚು ಇಳಿದವರಿಗಷ್ಟೇ ಅಲ್ಲ, ಸ್ವಲ್ಪವೇ ಇಳಿದವರಿಗೂ ಹೃದಯದ ಲಾಭ ಸಿಕ್ಕಿತ್ತು. ಸಿಬುಟ್ರಮಿನ್‌ನಲ್ಲಿ ತೂಕ ಇಳಿದೂ ಹೃದಯ ಕೆಟ್ಟಿತು. ಇಲ್ಲಿ ತೂಕ ಹೆಚ್ಚು ಇಳಿಯದೆಯೂ ಹೃದಯ ಉಳಿಯಿತು. ಈ ಎರಡು ಪ್ರಯೋಗಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ಮೇಲೆ, ಎಷ್ಟು ಕಿಲೋ ಎಂಬುದನ್ನೇ ಆಯ್ಕೆಯ ಮೊದಲ ಪ್ರಶ್ನೆಯಾಗಿಡಲು ನನಗೆ ಕಾರಣ ಕಾಣುವುದಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದೇ. ತೂಕ ತಾನೇ ಒಂದು ಹೊರೆಯಲ್ಲವೇ? ಮಂಡಿ ನೋವು, ಉಸಿರಾಟ, ನಿದ್ರೆ ಇವೆಲ್ಲ ಕಿಲೋಗಳಿಗೇ ಸಂಬಂಧಿಸಿದವಲ್ಲವೇ? ಹೌದು. ನಿದ್ರೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ ಇರುವವರ ಮೇಲೆ 2024ರಲ್ಲಿ ಟಿರ್ಜೆಪಟೈಡ್ ಪ್ರಯೋಗ ನಡೆದಾಗ, ಗಂಟೆಗೆ ಸುಮಾರು 50 ಸಲ ಉಸಿರು ಕಟ್ಟುತ್ತಿದ್ದವರಲ್ಲಿ ಅದು 25ರಿಂದ 29 ಸಲದಷ್ಟು ಕಡಿಮೆಯಾಯಿತು. ಅಂಥವರು ಟಿರ್ಜೆಪಟೈಡ್ ಆರಿಸಿಕೊಳ್ಳುವುದು ನ್ಯಾಯ. ಆದರೆ ಗಮನಿಸಿ, ಇಲ್ಲೂ ಆಯ್ಕೆಯನ್ನು ಸಮರ್ಥಿಸುತ್ತಿರುವುದು ಆ ರೋಗದ ಮೇಲೇ ನಡೆದ ಪ್ರಯೋಗ. ಹೃದಯಾಘಾತ ಆಗಿಹೋದವರಿಗೆ, ಅಥವಾ ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಸೊರಗುತ್ತಿರುವವರಿಗೆ, ಸೆಮಾಗ್ಲುಟೈಡ್ ಪರವಾಗಿ ಅಂಥದೇ ನೇರ ಸಾಕ್ಷ್ಯವಿದೆ. ಟಿರ್ಜೆಪಟೈಡ್‌ಗೂ 13 ಸಾವಿರಕ್ಕೂ ಹೆಚ್ಚು ಸಕ್ಕರೆ ರೋಗಿಗಳ ಮೇಲಿನ ಹೃದಯದ ಪ್ರಯೋಗ 2025ರಲ್ಲಿ ಮುಗಿದು, ಇದೇ ಗುಂಪಿನ ಹಳೆಯ ಔಷಧ ಡುಲಾಗ್ಲುಟೈಡ್‌ಗಿಂತ ಅದು ಕಡಿಮೆಯೇನಲ್ಲ ಎಂದು ತೋರಿದೆ. ಆದರೆ ಸಕ್ಕರೆ ಕಾಯಿಲೆ ಇಲ್ಲದವರಲ್ಲಿ ಅಂಥ ದೊಡ್ಡ ಪರೀಕ್ಷೆಯನ್ನು ಮೊದಲು ದಾಟಿದ್ದು ಸೆಮಾಗ್ಲುಟೈಡ್.

ಎರಡನೆಯ ಆಕ್ಷೇಪ: ಡೈನೈಟ್ರೋಫಿನಾಲ್‌ನ ನೆನಪು ತಂದು ಈಗಿನ ಔಷಧಗಳ ಮೇಲೆ ಭಯ ಹುಟ್ಟಿಸುವುದು ಸರಿಯೇ? ಸರಿಯಲ್ಲ, ನನ್ನ ಉದ್ದೇಶವೂ ಅದಲ್ಲ. ದೇಹದಲ್ಲೇ ಇರುವ ಹಾರ್ಮೋನನ್ನು ಅನುಕರಿಸುವ, ಸಕ್ಕರೆ ರೋಗಿಗಳಲ್ಲಿ 2005ರಿಂದ ಬಳಕೆಯಲ್ಲಿರುವ ಗುಂಪು ಇದು. ದಪ್ಪಗಿರುವವರು ಮನೋಬಲ ಇಲ್ಲದವರು, ಇಂಜೆಕ್ಷನ್ ತೆಗೆದುಕೊಳ್ಳುವುದು ಅಡ್ಡದಾರಿ ಎಂಬ ಮಾತಂತೂ ಕ್ರೂರವಾದದ್ದು. ಹಸಿವನ್ನು ನಡೆಸುವುದು ಹಾರ್ಮೋನುಗಳು ಎಂಬುದನ್ನು ಇವೇ ಔಷಧಗಳು ಎಲ್ಲರ ಕಣ್ಣೆದುರು ತೋರಿಸಿಕೊಟ್ಟಿವೆ. ಚರಿತ್ರೆ ಕೇಳುತ್ತಿರುವುದು ಭಯವನ್ನಲ್ಲ, ವಿವರವನ್ನು. ಆ ವಿವರಗಳು ಆಯ್ಕೆಯನ್ನು ನಿಜಕ್ಕೂ ಬದಲಿಸುತ್ತವೆ. 2016ರ ಸೆಮಾಗ್ಲುಟೈಡ್ ಪ್ರಯೋಗದಲ್ಲಿ ಸಕ್ಕರೆ ರೋಗಿಗಳ ರೆಟಿನಾದ ತೊಂದರೆಗಳು, ಹುಸಿಮದ್ದು ಪಡೆದವರಲ್ಲಿ ಶೇ 1.8 ಮಂದಿಗೆ ಕಂಡರೆ ಔಷಧ ಪಡೆದವರಲ್ಲಿ ಶೇ 3 ಮಂದಿಗೆ ಕಂಡವು. ಆದ್ದರಿಂದ ಕಣ್ಣಿಗೆ ಸಕ್ಕರೆಯ ಪೆಟ್ಟು ಬಿದ್ದಿರುವವರು ಮೊದಲು ಕಣ್ಣಿನ ವೈದ್ಯರನ್ನು ಕಾಣಬೇಕು. ಟಿರ್ಜೆಪಟೈಡ್ ಗರ್ಭನಿರೋಧಕ ಮಾತ್ರೆಯ ಪರಿಣಾಮವನ್ನು ತಗ್ಗಿಸಬಹುದು. ಶುರು ಮಾಡಿದ ಮೇಲೂ ಪ್ರತಿ ಸಲ ಡೋಸ್ ಏರಿಸಿದ ಮೇಲೂ ನಾಲ್ಕು ವಾರ ಬೇರೆ ಉಪಾಯ ಬೇಕೆಂದು ಅದರ ಸೂಚನೆಯಲ್ಲೇ ಇದೆ. ಗರ್ಭ ಧರಿಸಬೇಕೆಂದಿರುವವರು ಸೆಮಾಗ್ಲುಟೈಡನ್ನು ಎರಡು ತಿಂಗಳು ಮೊದಲೇ ನಿಲ್ಲಿಸಬೇಕು. ಮನೆತನದಲ್ಲಿ ಮೆಡ್ಯುಲರಿ ಥೈರಾಯ್ಡ್ ಕ್ಯಾನ್ಸರ್ ಇದ್ದವರಿಗೆ ಎರಡೂ ಬೇಡ. ವಾಕರಿಕೆ, ವಾಂತಿ, ಮಲಬದ್ಧತೆ ಎರಡರಲ್ಲೂ ಸಾಮಾನ್ಯ. ಅದಕ್ಕಾಗಿಯೇ ಸೆಮಾಗ್ಲುಟೈಡನ್ನು 0.25 ಮಿಲಿಗ್ರಾಂನಿಂದ ಶುರುಮಾಡಿ 0.5, 1, 1.7 ಎಂದು ನಾಲ್ಕು ನಾಲ್ಕು ವಾರಕ್ಕೆ ಏರಿಸುತ್ತ, ಹದಿನಾರು ವಾರ ಕಳೆದ ಮೇಲೆ 2.4 ಮುಟ್ಟುತ್ತಾರೆ. ಬೇಗ ತೂಕ ಇಳಿಯಲೆಂದು ಮೆಟ್ಟಿಲು ಹಾರಿದವರು ಹಾಸಿಗೆ ಹಿಡಿಯುವುದು ಇಲ್ಲೇ.

ಇನ್ನೊಂದು ಸಾಕ್ಷ್ಯವನ್ನು ಮಾರಾಟದ ಮಾತುಗಳಲ್ಲಿ ಯಾರೂ ಮುಂದಿಡುವುದಿಲ್ಲ: ನಿಲ್ಲಿಸಿದರೆ ಏನಾಗುತ್ತದೆ? ಸೆಮಾಗ್ಲುಟೈಡ್ ನಿಲ್ಲಿಸಿ ಒಂದು ವರ್ಷವಾದಾಗ, ಇಳಿದಿದ್ದ ತೂಕದ ಮೂರರಲ್ಲಿ ಎರಡು ಪಾಲು ಮರಳಿತ್ತು. ಟಿರ್ಜೆಪಟೈಡ್‌ನಲ್ಲಿ 36 ವಾರಕ್ಕೆ ಶೇ 20.9ರಷ್ಟು ಇಳಿಸಿಕೊಂಡವರಿಗೆ ಗೊತ್ತಾಗದಂತೆ ಹುಸಿಮದ್ದು ಕೊಟ್ಟಾಗ, ತೂಕ ಮತ್ತೆ ಶೇ 14ರಷ್ಟು ಏರಿತು. ರಕ್ತದೊತ್ತಡದ ಮಾತ್ರೆಯಂತೆ ಇವೂ ವರ್ಷಾನುಗಟ್ಟಲೆಯ ಔಷಧಗಳು. ಮದುವೆಗೆ ಮೂರು ತಿಂಗಳಿದೆ ಎಂದು ಶುರುಮಾಡುವಂಥವಲ್ಲ. ಹಾಗಾಗಿ ಆರಂಭದ ಮೂರು ತಿಂಗಳಿಗಿಂತ ಐದನೆಯ ವರ್ಷದಲ್ಲೂ ಯಾವುದನ್ನು ತಾಳಿಕೊಳ್ಳಬಲ್ಲೆ, ಯಾವುದರ ಖರ್ಚು ತೂಗಿಸಬಲ್ಲೆ ಎಂದು ಯೋಚಿಸುವುದೇ ಜಾಣತನ. 2025ರ ಮಾರ್ಚ್‌ನಲ್ಲಿ ಮೌಂಜಾರೊ ಹೆಸರಿನ ಟಿರ್ಜೆಪಟೈಡ್ ಭಾರತಕ್ಕೆ ಬಂದಾಗ 2.5 ಮಿಲಿಗ್ರಾಂನ ಒಂದು ಸೀಸೆಗೆ 3,500 ರೂಪಾಯಿ, 5 ಮಿಲಿಗ್ರಾಂಗೆ 4,375 ರೂಪಾಯಿ ಇತ್ತು. ಅದೂ ವಾರಕ್ಕೊಂದು. ಅದೇ ವರ್ಷ ಜೂನ್‌ನಲ್ಲಿ ಬಂದ ವೆಗೋವಿ, ಅಂದರೆ ಸೆಮಾಗ್ಲುಟೈಡ್, ತಿಂಗಳಿಗೆ 17 ಸಾವಿರ ದಾಟುತ್ತಿತ್ತು. ಇಷ್ಟು ದುಬಾರಿಯಾದರೆ ಆಯ್ಕೆಯ ಮಾತೇ ಉಳ್ಳವರ ಮಾತು ಎಂಬ ಟೀಕೆ ನ್ಯಾಯವಾದದ್ದು. ಅದಕ್ಕೆ ನಿಜವಾದ ಉತ್ತರ ಪೇಟೆಂಟ್ ಮುಗಿಯುವುದರಲ್ಲಿದೆ. ಭಾರತದಲ್ಲಿ ಸೆಮಾಗ್ಲುಟೈಡ್‌ನ ಪೇಟೆಂಟ್ ಅವಧಿ 2026ರ ಮಾರ್ಚ್‌ವರೆಗಿನದು, ಹಲವು ದೇಶಿ ಕಂಪನಿಗಳು ಅದಕ್ಕಾಗಿ ಮೊದಲೇ ಸಿದ್ಧತೆ ನಡೆಸಿದ್ದವು. ಬೆಂಗಳೂರಿನ ಬಯೋಕಾನ್ 2024ರಲ್ಲೇ ಬ್ರಿಟನ್ನಿನಲ್ಲಿ ಲಿರಾಗ್ಲುಟೈಡ್‌ನ ಜೆನೆರಿಕ್‌ಗೆ ಒಪ್ಪಿಗೆ ಪಡೆದಿತ್ತು. ಬೆಲೆ ಇಳಿಯುವ ಕಾಲದಲ್ಲಿ ಹೊಸದೇ ಮೇಲು ಎಂಬ ಹಟ ಹಿಡಿಯದೆ, ಹೆಚ್ಚು ಸಾಕ್ಷ್ಯವಿರುವ ಹಳೆಯದನ್ನು ತಪ್ಪದೆ ಮುಂದುವರಿಸಬಲ್ಲವರಿಗೆ ಲಾಭ ಹೆಚ್ಚು ಎಂಬುದು ನನ್ನ ಎಣಿಕೆ.

ನಮ್ಮ ಮೈಕಟ್ಟಿನ ಪ್ರಶ್ನೆ ಒಂದು ಉಳಿಯುತ್ತದೆ. ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೇ ಚಿತ್ರ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ ಇಬ್ಬರದೂ ಒಂದೇ, 22.3. ಯುಡ್ಕಿನ್ ದೇಹದಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ದೇಹದಲ್ಲಿ ಶೇ 21.2. ನೋಡಲು ತೆಳ್ಳಗಿದ್ದೂ ಹೊಟ್ಟೆಯೊಳಗೆ ಕೊಬ್ಬು ತುಂಬಿ, ಮಾಂಸಖಂಡ ಕಡಿಮೆ ಇರುವ ಈ ದೇಹ ನಮ್ಮಲ್ಲಿ ಎಷ್ಟೋ ಜನರದು. ಭಾರತೀಯರಿಗೆ ಬಿಎಂಐ 25ಕ್ಕೇ ಸ್ಥೂಲಕಾಯ ಎಂದು ನಮ್ಮ ತಜ್ಞರು 2009ರಲ್ಲಿ ಗೆರೆ ಎಳೆದದ್ದೂ ಇದಕ್ಕೇ. ಈ ಇಂಜೆಕ್ಷನ್‌ಗಳಿಂದ ಇಳಿಯುವ ತೂಕದಲ್ಲಿ ನಾಲ್ಕರಲ್ಲೊಂದು ಪಾಲಿನಿಂದ ಐದರಲ್ಲಿ ಎರಡು ಪಾಲಿನವರೆಗೆ ಕೊಬ್ಬಲ್ಲದ ಭಾಗ ಎಂದು ಪ್ರಯೋಗಗಳು ತೋರಿಸಿವೆ. ಮೊದಲೇ ಮಾಂಸಖಂಡ ಕಡಿಮೆ ಇರುವ ಐವತ್ತು ದಾಟಿದ ಹೆಂಗಸಿಗೆ ಶೇ 20 ಇಳಿಕೆ ಶೇ 13ಕ್ಕಿಂತ ಒಳ್ಳೆಯದೇ ಆಗಿರಬೇಕೆಂದಿಲ್ಲ. ಸೊಂಟದ ಸುತ್ತಳತೆ ಎಷ್ಟು ಇಳಿಯಿತು, ಕೈಯ ಹಿಡಿತದ ಬಲ ಉಳಿದಿದೆಯೇ, ಊಟ ಕಡಿಮೆಯಾದಾಗಲೂ ಬೇಳೆ, ಕಾಳು, ಮೊಟ್ಟೆ, ಮೊಸರು ಸಾಕಷ್ಟು ಹೊಟ್ಟೆಗೆ ಹೋಗುತ್ತಿದೆಯೇ, ವಾರಕ್ಕೆ ಎರಡು ಮೂರು ಸಲವಾದರೂ ಭಾರ ಎತ್ತುವ ವ್ಯಾಯಾಮ ನಡೆಯುತ್ತಿದೆಯೇ ಎಂದು ಕೇಳುವ ವೈದ್ಯರ ಕೈಯಲ್ಲಿ ಇವೆರಡರಲ್ಲಿ ಯಾವುದಾದರೂ ನಡೆದೀತು. ತಕ್ಕಡಿಯನ್ನಷ್ಟೇ ನೋಡಿ ಮುಂದಿನ ಡೋಸ್ ಬರೆದುಕೊಡುವಲ್ಲಿ ಎರಡೂ ಅಪಾಯಕರ.